ಪೇಂಟ್‌ಗೆ ಹಾರ್ಡ್ನರ್ ಬೆರೆಸುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಆಯುಧಪೂಜೆ ಹತ್ತಿರ ಬಂತೆಂದರೆ ಬೆಂಗಳೂರಿನಲ್ಲಿ ಗೇಟು, ಗ್ರಿಲ್ಲು, ಹಳೇ ಸ್ಕೂಟರುಗಳಿಗೆಲ್ಲ ಬಣ್ಣದ ಯೋಗ ಕೂಡಿಬರುತ್ತದೆ. ಹೊಸ ಫ್ಲ್ಯಾಟಿನ ವಾರ್ಡ್‌ರೋಬ್ ಪಾಲಿಶ್‌ಗೆ ಕಾಲವೇ ಇಲ್ಲ, ಅದು ವರ್ಷವಿಡೀ ನಡೆಯುತ್ತದೆ. ಮಾತಿನಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಜನ ಮತ್ತೆ ಮತ್ತೆ ಕೇಳಿದ್ದನ್ನು ಅವರದೇ ಧಾಟಿಯಲ್ಲಿ ಇಲ್ಲಿ ಜೋಡಿಸಿದ್ದೇನೆ. ಇಲ್ಲಿ ಬರುವ ಅಳತೆಗೂ ನಿಮ್ಮ ಡಬ್ಬಿಯ ಮೇಲಿನ ಅಳತೆಗೂ ವ್ಯತ್ಯಾಸ ಕಂಡರೆ ಡಬ್ಬಿಯ ಮಾತನ್ನೇ ಕೇಳಿ.

## ಮೊದಲ ಪ್ರಶ್ನೆಗಳು

ಹಾರ್ಡ್ನರ್ ಅಂದ್ರೆ ಏನು ಸಾರ್? ಬೇಗ ಒಣಗಲಿ ಅಂತ ಹಾಕೋದಾ?

ಬೇಗ ಒಣಗುವುದು ಜೊತೆಗೆ ಬರುವ ಲಾಭ ಅಷ್ಟೇ. ಸಾಮಾನ್ಯ ಬಣ್ಣ ಥಿನ್ನರ್ ಆರಿ ಅಥವಾ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಹಾರ್ಡ್ನರ್ ಬೇಡುವ ಬಣ್ಣದ ಲೆಕ್ಕ ಬೇರೆ. ಅದರಲ್ಲಿ ಡಬ್ಬಿಯ ರಾಳ ಮತ್ತು ಹಾರ್ಡ್ನರ್ ಎರಡೂ ರಾಸಾಯನಿಕವಾಗಿ ಹೆಣೆದುಕೊಂಡು ಒಂದೇ ಬಲೆಯಾಗುತ್ತವೆ. ಆ ಬಲೆಯನ್ನು ಪೆಟ್ರೋಲ್, ಸೋಪು, ಬಿಸಿಲು ಸುಲಭವಾಗಿ ಬಿಡಿಸಲಾರವು. ಕಾರಿನ ಬಣ್ಣ, ಕಾರ್ಖಾನೆಯ ನೆಲದ ಎಪಾಕ್ಸಿ, ಊಟದ ಮೇಜಿನ ಪಿಯು (ಪಾಲಿಯುರೆಥೇನ್) ಎಲ್ಲ ಈ ಜಾತಿಯವೇ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಒಂದು ಹನಿ ಬಿದ್ದರೆ ಸಾಕು ಎಂದು ಕೆಲವರು ತಿಳಿದಿದ್ದಾರೆ. ಪಿಯು, ಎಪಾಕ್ಸಿಗಳಲ್ಲಿ ಅದು ಶುದ್ಧ ತಪ್ಪು. ಅಲ್ಲಿ ಹಾರ್ಡ್ನರ್ ಬಣ್ಣದ ಮೈಯ ಒಂದು ಪಾಲೇ ಆಗಿಬಿಡುತ್ತದೆ.

ಅಂಗಡಿಯಲ್ಲಿ ಹಾರ್ಡ್ನರ್ ಅಂತ ನಾಲ್ಕು ಥರ ತೋರಿಸಿದರು. ಯಾವುದಾದರೂ ಆಗುತ್ತಾ?

ಆಗುವುದಿಲ್ಲ. ಎಸ್.ಪಿ. ರಸ್ತೆಯಲ್ಲಿ ಕೇಳಿ, ಜೆ.ಸಿ. ರಸ್ತೆಯಲ್ಲಿ ಕೇಳಿ, ಒಂದೇ ಹೆಸರಿನಲ್ಲಿ ಪೂರ್ತಿ ಬೇರೆ ಬೇರೆ ಸಾಮಾನು ಕೊಡುತ್ತಾರೆ.

ಪಿಯು ಬಣ್ಣ, ಕಾರಿನ ಕ್ಲಿಯರ್‌ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಮತ್ತು ಎನಾಮಲ್‌ಗೆ ಮಾರುವ ಹಾರ್ಡ್ನರುಗಳು ಐಸೊಸಯನೇಟ್ ಜಾತಿಯವು. ಇವುಗಳ ದೊಡ್ಡ ಅಪಾಯ ಶ್ವಾಸಕೋಶಕ್ಕೆ. ಎಪಾಕ್ಸಿಯ ಹಾರ್ಡ್ನರ್ ಅಮೈನ್ ಜಾತಿಯದು. ಚರ್ಮ ಸುಡಬಲ್ಲದು, ಅಲರ್ಜಿ ಹುಟ್ಟಿಸಬಲ್ಲದು. ಮರದ ಮೆಲಮೈನ್ ಪಾಲಿಶ್‌ಗೆ ಹಾಕುವುದು ಆಮ್ಲ. ಆ ಪಾಲಿಶ್ ಗಟ್ಟಿಯಾಗುವಾಗ ಫಾರ್ಮಾಲ್ಡಿಹೈಡ್ ಅನಿಲ ಹೊರಬರುತ್ತದೆ, ಕಣ್ಣುರಿ ಅದರಿಂದಲೇ. ಡೆಂಟಿಂಗ್ ಪುಟ್ಟಿಯ ಜೊತೆ ಬರುವ ಸಣ್ಣ ಟ್ಯೂಬಿನಲ್ಲಿರುವುದು ಬೆನ್ಜಾಯಿಲ್ ಪೆರಾಕ್ಸೈಡ್ ಪೇಸ್ಟು. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಬಣ್ಣವೂ ಕೆಡುತ್ತದೆ, ತಪ್ಪು ಅಪಾಯಕ್ಕೆ ಸಿದ್ಧರಾಗಿ ನಿಜವಾದ ಅಪಾಯಕ್ಕೆ ಮೈಯೊಡ್ಡಿದಂತೆಯೂ ಆಗುತ್ತದೆ. ಆದ್ದರಿಂದ ಬಣ್ಣ, ಹಾರ್ಡ್ನರ್, ಥಿನ್ನರ್ ಮೂರನ್ನೂ ಒಂದೇ ಕಂಪನಿಯ ಒಂದೇ ಜೋಡಿಯಲ್ಲಿ ತೆಗೆದುಕೊಳ್ಳಿ. ಡಬ್ಬಿಯ ಮೇಲೆ ಐಸೊಸಯನೇಟ್ ಎಂಬ ಮಾತು ಇದೆಯೇ ಎಂದು ಹುಡುಕಿ. ಅಂಗಡಿಯವರಿಂದ ಸುರಕ್ಷತಾ ಮಾಹಿತಿ ಹಾಳೆಯನ್ನೂ ಕೇಳಿ, ಕೊಡದೆ ಗೊಣಗಿದರೂ ಪರವಾಗಿಲ್ಲ.

ಗೋಡೆಯ ಎಮಲ್ಶನ್‌ಗೂ ಸ್ವಲ್ಪ ಹಾಕಿದರೆ ಗಟ್ಟಿ ಬರುತ್ತಾ?

ಬರುವುದಿಲ್ಲ. ಎಮಲ್ಶನ್‌ನಲ್ಲಿರುವುದು ನೀರು, ಮತ್ತು ಐಸೊಸಯನೇಟ್ ಹಾರ್ಡ್ನರ್‌ಗೆ ನೀರು ಕಂಡರೆ ಆಗದು. ನೊರೆ, ಗಂಟು ಬಿಟ್ಟು ಬೇರೇನೂ ಸಿಗದು. ನೀರಿನ ಪಿಯು ಎಂದು ಬೇರೆಯೇ ಸಿಗುತ್ತದೆ, ಅದರ ಹಾರ್ಡ್ನರ್ ಅದಕ್ಕೆಂದೇ ತಯಾರಾದದ್ದು. ಆದರೆ ನೀರಿನದು ಎಂದ ಮಾತ್ರಕ್ಕೆ ಅದು ಸಾಧು ಅಲ್ಲ. ಹಾರ್ಡ್ನರ್ ಅಲ್ಲೂ ಸಾಮಾನ್ಯವಾಗಿ ಐಸೊಸಯನೇಟೇ.

ಗೇಟಿನ ಎನಾಮಲ್‌ಗೆ ಹಾರ್ಡ್ನರ್ ಹಾಕಿದರೆ ಹೊಳಪು ಉಳಿಯುತ್ತದಂತೆ, ಹೌದಾ?

ಹೌದು. ಮೇಲ್ಮೈ ಗಟ್ಟಿಯಾಗುತ್ತದೆ, ಹೊಳಪು ಹೆಚ್ಚು ಕಾಲ ನಿಲ್ಲುತ್ತದೆ. ಆದರೆ ಅಲ್ಲಿಯವರೆಗೆ ಬರೀ ಎನಾಮಲ್ ಆಗಿದ್ದದ್ದು ಹಾರ್ಡ್ನರ್ ಬಿದ್ದ ಕ್ಷಣದಿಂದ ಐಸೊಸಯನೇಟ್ ಪೇಂಟ್ ಆಗುತ್ತದೆ. ಎನಾಮಲ್ ಡಬ್ಬಿಯ ಮೇಲೆ ಈ ಎಚ್ಚರಿಕೆ ಇರುವುದಿಲ್ಲ, ಅದಿರುವುದು ಹಾರ್ಡ್ನರ್‌ನ ಪುಟ್ಟ ಡಬ್ಬಿಯ ಮೇಲೆ, ಇರುವೆ ಗಾತ್ರದ ಅಕ್ಷರದಲ್ಲಿ. ಮನೆಯ ಒಂದು ಗೇಟಿಗೆ ಇದು ಬೇಕೇ? ನನ್ನ ಅಭಿಪ್ರಾಯದಲ್ಲಿ ಬೇಡ. ತುಕ್ಕು ಚೆನ್ನಾಗಿ ಉಜ್ಜಿ, ಪ್ರೈಮರ್ ಕೊಟ್ಟು, ತೆಳ್ಳಗೆ ಎರಡು ಕೋಟ್ ಎನಾಮಲ್ ಹೊಡೆದರೆ ಧಾರಾಳ ಸಾಕು. ಡ್ರೈಯರ್ ಎಂದು ಮಾರುವುದು ಇದಲ್ಲ. ಅದು ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹಗಳ ಲವಣ. ಎನಾಮಲ್ ಆಮ್ಲಜನಕ ಹೀರುವುದನ್ನು ಚುರುಕುಗೊಳಿಸುತ್ತದೆ ಅಷ್ಟೇ.

## ಉಸಿರು, ಕೈ, ಕಣ್ಣು

ವಾಸನೆ ಅಷ್ಟೇನೂ ಇಲ್ಲವಲ್ಲ, ಅಂದಮೇಲೆ ಅಪಾಯ ಎಲ್ಲಿಂದ ಬಂತು?

ಎಲ್ಲ ಪ್ರಶ್ನೆಗಳಲ್ಲೂ ನಾನು ಹೆಚ್ಚು ಭಯಪಡುವುದು ಇದಕ್ಕೆ. ಮೂಗಿಗೆ ಹೊಡೆಯುವುದು ಥಿನ್ನರ್. ಐಸೊಸಯನೇಟ್ ಹಾನಿ ಮಾಡುವ ಮಟ್ಟಕ್ಕೆ ಗಾಳಿಯಲ್ಲಿ ಸೇರಿದ್ದರೂ ಮೂಗಿಗೆ ಗೊತ್ತೇ ಆಗದಿರಬಹುದು. ಬ್ರಿಟನ್ನಿನಲ್ಲಿ ಕೆಲಸದ ಜಾಗದ ಗಾಳಿಗೆ ಇಟ್ಟಿರುವ ಮಿತಿ ಒಂದು ಘನ ಮೀಟರಿಗೆ 0.02 ಮಿಲಿಗ್ರಾಂ, ಎಂಟು ಗಂಟೆಯ ಸರಾಸರಿ. ಅಷ್ಟು ಕಡಿಮೆ. ಅಲ್ಲಿನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆಯ ಪ್ರಕಾರ, ವಾಹನಗಳಿಗೆ ಸ್ಪ್ರೇ ಹೊಡೆಯುವವರಿಗೆ ಅಸ್ತಮಾ ಬರುವ ಸಾಧ್ಯತೆ ಅಲ್ಲಿನ ಉಳಿದ ದುಡಿಮೆಗಾರರಿಗಿಂತ ಸುಮಾರು 80 ಪಟ್ಟು.

ಇದರ ಇನ್ನೊಂದು ಗುಣ ಇನ್ನೂ ಕೆಟ್ಟದ್ದು. ವರ್ಷಗಟ್ಟಲೆ ಏನೂ ಆಗದೆ ಇದ್ದು, ಒಂದು ದಿನ ಮೈ ತಿರುಗಿಬೀಳುತ್ತದೆ. ಆಮೇಲೆ ಅತ್ಯಲ್ಪ ಪ್ರಮಾಣ ತಾಗಿದರೂ ಉಬ್ಬಸ ಬರುತ್ತದೆ. "ಇಪ್ಪತ್ತು ವರ್ಷದಿಂದ ಹೊಡೀತಿದ್ದೀನಿ, ನಂಗೇನೂ ಆಗಿಲ್ಲ" ಎಂಬ ಮೇಸ್ತ್ರಿಯ ಮಾತು ಸುಳ್ಳೇನಲ್ಲ, ಆದರೆ ಅದು ನಾಳೆಯ ಗ್ಯಾರಂಟಿಯೂ ಅಲ್ಲ.

ಭೋಪಾಲದಲ್ಲಿ ಸೋರಿದ್ದೂ ಇದೇ ಅಲ್ವಾ?

ಒಂದೇ ಮನೆತನ, ಬೇರೆ ರಾಸಾಯನಿಕ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿ ಸೋರಿದ್ದು ಮೀಥೈಲ್ ಐಸೊಸಯನೇಟ್. ಅದು ಸುಮಾರು 39 ಡಿಗ್ರಿಗೇ ಕುದಿಯುವ, ಸಲೀಸಾಗಿ ಅನಿಲವಾಗುವ ದ್ರವ. ಪೇಂಟಿನ ಹಾರ್ಡ್ನರ್‌ನಲ್ಲಿರುವುದು ಹೆಚ್ಚಾಗಿ ಎಚ್‌ಡಿಐ ಎಂಬ ಐಸೊಸಯನೇಟ್‌ನಿಂದಾದ ದೊಡ್ಡ ಅಣುಗಳು. ಅವು ಡಬ್ಬಿಯಿಂದ ಹಾಗೆ ಹಾರಿಬರುವುದಿಲ್ಲ. ಸ್ಪ್ರೇ ಗನ್ ಅವನ್ನು ಮಂಜಿನ ಕಣ ಮಾಡಿ ಎದೆಯೊಳಕ್ಕೆ ತಲುಪಿಸುತ್ತದೆ. ಹಾಗಾಗಿ ಹಾರ್ಡ್ನರ್ ಡಬ್ಬಿ ಕಪಾಟಿನಲ್ಲಿದ್ದರೆ ನಿದ್ದೆಗೆಡಬೇಕಿಲ್ಲ, ಗನ್ ಕೈಗೆತ್ತಿಕೊಂಡಾಗ ಎಚ್ಚರವಿರಲಿ.

ಕೋವಿಡ್ ಟೈಮಿನ ಎನ್95 ಮಾಸ್ಕ್ ಇದೆ, ಸಾಲದಾ?

ಸಾಲದು. ಅದು ಧೂಳಿಗೆ. ಥಿನ್ನರ್ ಆವಿ ಅದರೊಳಗಿಂದ ನೇರ ಬರುತ್ತದೆ. ಕರ್ಚೀಫಿನ ಮಾತಂತೂ ಎತ್ತಲೇಬೇಡಿ.

ಸ್ಪ್ರೇಗೆ ಸರಿಯಾದದ್ದು ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ತರುವ ಮಾಸ್ಕ್. ಕಾರ್ಟ್ರಿಜ್ ಮಾಸ್ಕ್‌ನ ತೊಂದರೆ ಏನೆಂದರೆ, ಅದರ ಇದ್ದಿಲು ತುಂಬಿ ಸೋರತೊಡಗಿದರೂ ಐಸೊಸಯನೇಟ್‌ಗೆ ವಾಸನೆ ಇಲ್ಲದ್ದರಿಂದ ನಿಮಗೆ ಸುಳಿವು ಸಿಗುವುದಿಲ್ಲ. ಸಣ್ಣಪುಟ್ಟ ಟಚಪ್‌ಗೆ ಅದನ್ನೇ ಹಾಕುವುದಾದರೆ ಸಾವಯವ ಆವಿ ಹಾಗೂ ಸೂಕ್ಷ್ಮ ಕಣ ಎರಡನ್ನೂ ತಡೆಯುವ ಜೋಡಿ ಇರಲಿ. ವಾಸನೆ ಬರುವ ತನಕ ಕಾಯದೆ ಗಂಟೆ ಲೆಕ್ಕದಲ್ಲಿ ಬದಲಿಸಿ. ಕೆಲಸ ಮುಗಿದ ಮೇಲೆ ಗಾಳಿಯಾಡದ ಚೀಲದಲ್ಲಿಡಿ, ಇಲ್ಲದಿದ್ದರೆ ಸುಮ್ಮನೆ ಇಟ್ಟಲ್ಲೇ ಅದರ ಆಯುಷ್ಯ ಮುಗಿಯುತ್ತದೆ. ಗಡ್ಡವಿದ್ದರೆ ಮಾಸ್ಕ್ ಮುಖಕ್ಕೆ ಕೂರುವುದಿಲ್ಲ. ಗಡ್ಡ ಅಥವಾ ಗನ್, ಎರಡರಲ್ಲಿ ಒಂದು. ಗನ್ ನಿಲ್ಲಿಸಿದ ತಕ್ಷಣ ಮಾಸ್ಕ್ ಎತ್ತಿ ಫಿನಿಶ್ ನೋಡುವ ಚಟ ಎಲ್ಲ ಪೇಂಟರುಗಳಿಗೂ ಇದೆ. ಆಗ ಕಣ್ಣಿಗೆ ಕಾಣದ ಮಂಜು ಇನ್ನೂ ಗಾಳಿಯಲ್ಲೇ ತೇಲುತ್ತಿರುತ್ತದೆ.

ನಾನು ಬ್ರಷ್‌ನಲ್ಲಿ ಹಚ್ಚೋದು. ನನಗೂ ಇಷ್ಟೆಲ್ಲ ಬೇಕಾ?

ಇಷ್ಟೆಲ್ಲ ಬೇಡ. ಬ್ರಷ್, ರೋಲರ್‌ನಲ್ಲಿ ಮಂಜು ಏಳುವುದಿಲ್ಲ, ಅಪಾಯ ಬಹಳ ಇಳಿಯುತ್ತದೆ. ಕಿಟಕಿ ಬಾಗಿಲು ತೆರೆದು, ನೈಟ್ರೈಲ್ ಕೈಗವಸು, ಕನ್ನಡಕ, ಉದ್ದ ತೋಳಿನ ಹಳೇ ಅಂಗಿ ಹಾಕಿಕೊಳ್ಳಿ. ಮನೆ ಬಳಕೆಗೆ ನಾನು ಕೊಡುವ ಸಲಹೆ ಇದೊಂದೇ: ಹಾರ್ಡ್ನರ್ ಹಾಕಿದ ಬಣ್ಣವನ್ನು ಮನೆಯಲ್ಲಿ ಸ್ಪ್ರೇ ಮಾಡಲೇಬೇಡಿ. ಸ್ಪ್ರೇ ಫಿನಿಶ್ಶೇ ಬೇಕೆಂದರೆ ಬಾಗಿಲನ್ನು ಕಳಚಿ ಸ್ಪ್ರೇಗೆಂದೇ ಮಾಡಿದ ಬೂತ್ ಇರುವ ವರ್ಕ್‌ಶಾಪಿಗೆ ಕಳಿಸಿ. ಪೀಣ್ಯ, ಕಾಮಾಕ್ಷಿಪಾಳ್ಯದ ಕಡೆ ವಿಚಾರಿಸಿ ನೋಡಿ. ಮೊದಲೇ ಅಸ್ತಮಾ ಇರುವವರು ಬ್ರಷ್ಷನ್ನೂ ಬೇರೆಯವರ ಕೈಗೆ ಕೊಡುವುದು ಒಳ್ಳೆಯದು.

ಫ್ಲ್ಯಾಟಿನಲ್ಲಿ ಪಿಯು ಪಾಲಿಶ್ ನಡೀತಿದೆ. ನಾವು ಅಲ್ಲೇ ಇರಬಹುದಾ?

ಸ್ಪ್ರೇ ನಡೆಯುವ ದಿನಗಳಲ್ಲಿ ಬೇಡ. ಮಕ್ಕಳು, ಗರ್ಭಿಣಿಯರು, ದಮ್ಮು ಇರುವ ಹಿರಿಯರು, ಪಂಜರದ ಹಕ್ಕಿ ಎಲ್ಲರನ್ನೂ ಬೇರೆಡೆ ಕಳಿಸಿ. ಅಕ್ವೇರಿಯಂನ ಏರ್ ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ತುಂಬುತ್ತದೆ, ಅದನ್ನೂ ಸಾಗಿಸಿ. ಮುಟ್ಟಿದರೆ ಅಂಟದ ಸ್ಥಿತಿಗೆ ಕೆಲವು ಗಂಟೆಗಳಲ್ಲಿ ಬಂದರೂ ಪೂರ್ತಿ ಹದವಾಗಲು ಸುಮಾರು ಒಂದು ವಾರ ಹಿಡಿಯುತ್ತದೆ. ಆ ವಾರ ಹಗಲೆಲ್ಲ ಕಿಟಕಿ ತೆರೆದಿರಲಿ. ಪಕ್ಕದ ಮನೆಯವರಿಗೆ ಮೊದಲೇ ತಿಳಿಸಿ, ಕಾರಿಡಾರ್ ಕಡೆಯ ಬಾಗಿಲ ಸಂದಿಗೆ ಟೇಪ್ ಹಾಕಿಸಿ.

ಇನ್ನೊಂದು ಮಾತು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಪಾಲಿಶ್ ಕೆಲಸಕ್ಕೆ ದೂರದ ಊರುಗಳಿಂದ ಬಂದ ಹುಡುಗರು ರಾತ್ರಿ ಅದೇ ಫ್ಲ್ಯಾಟಿನ ನೆಲದ ಮೇಲೆ ಮಲಗುವುದು ಈ ಊರಿನಲ್ಲಿ ಸಾಮಾನ್ಯ. ಥಿನ್ನರ್ ಆವಿ ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ. ಹಗಲಿಡೀ ಉಸಿರಾಡಿದ್ದನ್ನು ಅವರು ರಾತ್ರಿಯೂ ಉಸಿರಾಡುತ್ತಾರೆ. ಲಕ್ಷಗಟ್ಟಲೆ ಖರ್ಚಿನ ಇಂಟೀರಿಯರ್‌ನಲ್ಲಿ ಅವರಿಗೊಂದು ಬೇರೆ ಕೋಣೆ ಹೊಂದಿಸುವುದು ದೊಡ್ಡ ಮೊತ್ತವಲ್ಲ. ಕಾಂಟ್ರ್ಯಾಕ್ಟರ್ ಜೊತೆ ಮಾತಾಡುವಾಗಲೇ ಅದನ್ನು ಸೇರಿಸಿಬಿಡಿ.

ಕೈಗೆ, ಕಣ್ಣಿಗೆ ಬಿದ್ದರೆ ಏನು ಮಾಡಬೇಕು?

ಕೈಗೆ ಬಿದ್ದರೆ ಬಟ್ಟೆಯಿಂದ ಒರೆಸಿ, ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಥಿನ್ನರ್‌ನಿಂದ ಉಜ್ಜಬೇಡಿ. ಅದು ಚರ್ಮದ ಜಿಡ್ಡು ತೆಗೆದು ಹಾರ್ಡ್ನರ್ ಒಳಗಿಳಿಯಲು ದಾರಿ ಮಾಡಿಕೊಡುತ್ತದೆ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಆಮೇಲೆ ಮಿಂಟೋ ಆಸ್ಪತ್ರೆಯೋ ಹತ್ತಿರದ ಬೇರೆ ಕಣ್ಣಿನ ಆಸ್ಪತ್ರೆಯೋ, ಡಬ್ಬಿಯ ಸಮೇತ ಹೋಗಿ. ಬೆಂಗಳೂರಿನ ಟ್ರಾಫಿಕ್ ನೆನೆದು ತೊಳೆಯುವುದನ್ನು ಬಿಟ್ಟು ಓಡಬೇಡಿ, ಮೊದಲ ಹದಿನೈದು ನಿಮಿಷದ ನೀರೇ ಮುಖ್ಯ ಚಿಕಿತ್ಸೆ. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಬಾರದು. 108ಕ್ಕೆ ಕರೆ ಮಾಡಿ. ಗ್ಯಾರೇಜುಗಳಲ್ಲಿ ನೀರಿನ ಬಾಟಲಿಗೆ ಥಿನ್ನರ್, ಹಾರ್ಡ್ನರ್ ಸುರಿದಿಡುವ ಅಭ್ಯಾಸದಿಂದಲೇ ಇಂಥದ್ದು ನಡೆಯುವುದು. ಲೂಸ್ ಹಾರ್ಡ್ನರ್ ಕೊಳ್ಳಲೇಬೇಡಿ.

## ಬೆರಕೆಯ ಲೆಕ್ಕ

4:1:1 ಅಂತ ಬರೆದಿದೆ. ಸ್ವಲ್ಪ ಜಾಸ್ತಿ ಹಾರ್ಡ್ನರ್ ಹಾಕಿದರೆ ಇನ್ನೂ ಗಟ್ಟಿ ಆಗುತ್ತಲ್ವಾ?

ನಾಲ್ಕು ಪಾಲು ಬಣ್ಣ, ಒಂದು ಪಾಲು ಹಾರ್ಡ್ನರ್, ಒಂದು ಪಾಲು ಥಿನ್ನರ್ ಎಂದರ್ಥ. 600 ಮಿಲಿ ಬೇಕಿದ್ದರೆ 400, 100, 100. ಹೆಚ್ಚು ಹಾರ್ಡ್ನರ್ ಸುರಿದರೆ ಜೋಡಿ ಸಿಗದ ಐಸೊಸಯನೇಟ್ ಮಿಕ್ಕು, ನಿಧಾನವಾಗಿ ಗಾಳಿಯ ತೇವದ ಜೊತೆ ಸೇರುತ್ತದೆ. ಪದರ ಪೆಡಸಾಗಿ ಬಿರುಕು ಬಿಡುತ್ತದೆ. ಕಮ್ಮಿ ಹಾಕಿದರೆ ಮೆತ್ತಗೇ ಉಳಿದು, ಬಿಸಿ ಲೋಟ ಇಟ್ಟಲ್ಲಿ ಗುರುತು ಬೀಳುತ್ತದೆ. ಅಳತೆ ಗಾತ್ರದ್ದೋ ತೂಕದ್ದೋ ನೋಡಿಕೊಳ್ಳಿ. ಬಿಳಿ ಬಣ್ಣ ಹಾರ್ಡ್ನರ್‌ಗಿಂತ ಬಹಳ ಭಾರ, ಗಾತ್ರದ ಅಳತೆಯನ್ನು ತಕ್ಕಡಿಯಲ್ಲಿ ತೂಗಿದರೆ ಲೆಕ್ಕ ತಪ್ಪುತ್ತದೆ. ಗೆರೆ ಇರುವ ಪ್ಲಾಸ್ಟಿಕ್ ಮಗ್ ಅಗ್ಗಕ್ಕೆ ಸಿಗುವಾಗ ಕಣ್ಣಳತೆ ಏಕೆ?

ಪಿಯುಗೆ ಎನ್‌ಸಿ ಥಿನ್ನರ್ ಹಾಕಬಹುದಾ? ಪಾಲಿಶ್‌ನವರು ಎಲ್ಲಕ್ಕೂ ಅದನ್ನೇ ಹಾಕ್ತಾರೆ.

ಹಾಕಬಾರದು. ಎನ್‌ಸಿ ಎಂದರೆ ನೈಟ್ರೋಸೆಲ್ಯುಲೋಸ್, ಆ ಜಾತಿಯ ಪಾಲಿಶ್‌ಗೆ ಮಾಡಿದ ಥಿನ್ನರ್‌ನಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಇರುತ್ತದೆ. ಐಸೊಸಯನೇಟ್ ಬಣ್ಣದ ರಾಳವನ್ನು ಹಿಡಿಯುವ ಬದಲು ಆ ಆಲ್ಕೋಹಾಲನ್ನೇ ಹಿಡಿಯುತ್ತದೆ. ನೀವು ಸರಿಯಾಗಿ ಅಳೆದು ಹಾಕಿದ ಹಾರ್ಡ್ನರ್ ಹೀಗೆ ಅರ್ಧ ದಾರಿಯಲ್ಲೇ ಸೋರಿಹೋಗಿ, ಫಿನಿಶ್ ಮೆತ್ತಗೆ ಉಳಿಯುತ್ತದೆ. "ಹಾರ್ಡ್ನರ್ ಡೂಪ್ಲಿಕೇಟ್" ಎಂದು ಅಂಗಡಿಗೆ ಜಗಳಕ್ಕೆ ಹೋಗುವ ಮುನ್ನ ಥಿನ್ನರ್ ಯಾವುದಿತ್ತು ನೋಡಿ. ಗನ್ ತೊಳೆಯಲು ಎನ್‌ಸಿ ಪರವಾಗಿಲ್ಲ.

ಬೆರೆಸಿಟ್ಟದ್ದು ಊಟ ಮುಗಿಸಿ ಬರುವಷ್ಟರಲ್ಲಿ ಗಟ್ಟಿ, ಡಬ್ಬಿ ಮುಟ್ಟಿದರೆ ಸುಡುತ್ತಿತ್ತು. ಯಾಕೆ?

ಎಪಾಕ್ಸಿ ಇರಬೇಕು. ಬೆರೆತ ಕ್ಷಣದಿಂದ ಶಾಖ ಹುಟ್ಟುತ್ತದೆ. ಆಳವಾದ ಡಬ್ಬಿಯಲ್ಲಿ ಅದಕ್ಕೆ ಹೊರಹೋಗಲು ದಾರಿಯಿಲ್ಲ, ಶಾಖ ಕ್ರಿಯೆಯನ್ನು ಇನ್ನಷ್ಟು ಓಡಿಸುತ್ತದೆ. ಹೊಗೆ ಏಳುವ ಮಟ್ಟಕ್ಕೂ ಹೋಗಬಹುದು. ಹಾಗಾದರೆ ಡಬ್ಬಿಯನ್ನು ಹೊರಗೆ ಬಯಲಿನಲ್ಲಿಟ್ಟು ದೂರ ನಿಲ್ಲಿ. ಮುಂದಿನ ಸಲ ಅರ್ಧ ಗಂಟೆಗೆ ಬೇಕಾದಷ್ಟೇ ಬೆರೆಸಿ ಅಗಲದ ಟ್ರೇಗೆ ಸುರಿಯಿರಿ. ಹತ್ತು ಡಿಗ್ರಿ ಏರಿದರೆ ಬಳಕೆಯ ಅವಧಿ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಒರಟು ಲೆಕ್ಕ. ಜನವರಿಯ ಬೆಳಗಿನ ಅನುಭವ ನಂಬಿ ಏಪ್ರಿಲ್ ಮಧ್ಯಾಹ್ನ ಬೆರೆಸಿದರೆ ಹೀಗೇ ಆಗುವುದು. 2016ರ ಏಪ್ರಿಲ್‌ನಲ್ಲಿ ಇದೇ ನಮ್ಮ ತಂಪು ಬೆಂಗಳೂರು 39.2 ಡಿಗ್ರಿ ಕಂಡಿದೆ. ಗಟ್ಟಿಯಾಗತೊಡಗಿದ್ದಕ್ಕೆ ಥಿನ್ನರ್ ಸುರಿದು ಎಳೆದಾಡಬೇಡಿ, ತೆಳುವಾಗಿ ಕಂಡರೂ ಅದು ಸತ್ತ ಬಣ್ಣ.

ಮಳೆಗಾಲದಲ್ಲಿ ಗುಳ್ಳೆ ಏಳುತ್ತೆ, ಮಂಕಾಗುತ್ತೆ. ಹಾರ್ಡ್ನರ್ ಸರಿಯಿಲ್ವಾ?

ತೇವದ ಕಿತಾಪತಿ. ಐಸೊಸಯನೇಟ್‌ಗೆ ನೀರು ಸಿಕ್ಕರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಅದೇ ಗುಳ್ಳೆ. ಕಂಪ್ರೆಸರ್ ಟ್ಯಾಂಕಿನ ನೀರನ್ನು ದಿನಾ ಹರಿಸಿ, ಗಾಳಿ ಪೈಪಿಗೆ ನೀರು ಹಿಡಿಯುವ ಟ್ರ್ಯಾಪ್ ಹಾಕಿ. ಲೋಹದ ಮೈ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರತೊಡಗುವ ಉಷ್ಣತೆ) ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು, ಗಾಳಿಯ ತೇವಾಂಶ 85 ಶೇಕಡಾ ಮೀರಬಾರದು. ಬೆಳಗಿನ ತಣ್ಣನೆ ಗೇಟಿಗೆ ಕೈ ಹಾಕದೆ ಹತ್ತರ ನಂತರ ಶುರುಮಾಡಿ, ನಾಲ್ಕಕ್ಕೆ ನಿಲ್ಲಿಸಿದರೆ ಈ ಊರಿನಲ್ಲಿ ಬಹುಮಟ್ಟಿಗೆ ನಡೆಯುತ್ತದೆ. ಎಪಾಕ್ಸಿ ಮೇಲೆ ತೇವದ ದಿನ ಮೇಣದಂಥ ಪದರ ಬಂದರೆ ಅದು ಅಮೈನ್ ಹೊರಬಂದದ್ದು. ಬಿಸಿ ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಉಜ್ಜಿ ಮುಂದಿನ ಕೋಟ್ ಹಾಕಿ.

ಹೋದ ವರ್ಷದ ಹಾರ್ಡ್ನರ್ ಡಬ್ಬಿ ಉಬ್ಬಿಕೊಂಡಿದೆ. ತೆಗೆಯಬಹುದಾ?

ಬೇಡ. ಒಳಗೆ ತೇವ ಹೋಗಿ ಅನಿಲ ತುಂಬಿದೆ, ಮುಚ್ಚಳ ಮುಖಕ್ಕೆ ಹಾರಬಹುದು. ಉಬ್ಬದಿದ್ದರೂ ಒಳಗೆ ಮೋಡದಂತೆ ಕಲಕಿದ್ದರೆ, ಹರಳು ಅಥವಾ ಕೆನೆ ಕಂಡರೆ ಬಳಸಬೇಡಿ. ಬೇಕಾದಷ್ಟೇ ಚಿಕ್ಕ ಪ್ಯಾಕ್ ಕೊಳ್ಳುವುದೇ ಲೇಸು.

## ಗ್ಯಾರೇಜು, ವರ್ಕ್‌ಶಾಪಿನವರಿಗೆ

ಶೆಡ್ಡಿನಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದೀನಿ. ಸಾಕಲ್ವಾ?

ಅಡುಗೆಮನೆಯ ಫ್ಯಾನ್ ಆಗಿದ್ದರೆ ಅದು ಹೊಸ ಅಪಾಯ. ಅದರ ಮೋಟಾರಿನ ಕಿಡಿ ಥಿನ್ನರ್ ಆವಿಗೆ ಬೆಂಕಿ ಹಚ್ಚಬಲ್ಲದು. ಕಿಡಿ ಹೊರಬಿಡದ ಮೋಟಾರ್ ಬೇಕು. ಆವಿ ಕೆಳಗೆ ನಿಲ್ಲುವುದರಿಂದ ಎಳೆಯುವ ಜಾಗ ನೆಲದ ಹತ್ತಿರ ಇರಬೇಕು, ಮಂಜಿಗೆ ಫಿಲ್ಟರ್ ಬೇಕು. ಗಾಳಿ ನಿಮ್ಮ ಬೆನ್ನಿನ ಕಡೆಯಿಂದ ಬಂದು ಕಾರನ್ನು ದಾಟಿ ಹೊರಹೋಗಬೇಕು. ಗೋಡೆಯ ದೇವರ ಪಟದ ಮುಂದಿನ ದೀಪ, ಊದುಬತ್ತಿಯನ್ನು ಆರಿಸಿಯೇ ಗನ್ ಹಿಡಿಯಿರಿ. ಗಾಳಿ ಮಾಸ್ಕ್‌ಗೆ ಅದೇ ಕಂಪ್ರೆಸರ್ ಬಳಸುವುದಾದರೆ ಅದು ಗಾಳಿ ಎಳೆದುಕೊಳ್ಳುವ ಬಾಯಿ ಶೆಡ್ಡಿನ ಹೊರಗಿರಲಿ, ಉಸಿರಾಟಕ್ಕೆಂದೇ ಮಾಡಿದ ಫಿಲ್ಟರ್ ಸಾಲು ಇರಲಿ. ಟೈರಿಗೆ ತುಂಬುವ ಎಣ್ಣೆ ಬೆರೆತ ಗಾಳಿ ಎದೆಗೆ ಹೋಗಬಾರದು.

ನಮ್ಮ ಪೇಂಟರ್‌ಗೆ ರಾತ್ರಿ ಹೊತ್ತು ಕೆಮ್ಮು, ಹಗಲು ಸರಿ ಇರ್ತಾನೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಇರಬಹುದು. ಲಕ್ಷಣ ಕೆಲವು ಗಂಟೆ ತಡವಾಗಿ, ಮನೆಗೆ ಹೋದ ಮೇಲೆ ಕಾಣಿಸುವುದು ಐಸೊಸಯನೇಟ್‌ನ ಸ್ವಭಾವ. ಊರಿಗೆ ಹೋದಾಗ ಕಮ್ಮಿಯಾಗಿ, ವಾಪಸ್ ಬಂದ ವಾರ ಮತ್ತೆ ಶುರುವಾದರೆ ಅನುಮಾನ ಬಲವಾಗುತ್ತದೆ. ತಕ್ಷಣ ಸ್ಪ್ರೇ ಕೆಲಸದಿಂದ ದೂರವಿಟ್ಟು ಎದೆರೋಗ ತಜ್ಞರ ಹತ್ತಿರ ಕಳಿಸಿ. ನಿಮ್ಹಾನ್ಸ್ ಪಕ್ಕದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಸರ್ಕಾರಿಯದು, ಇಎಸ್‌ಐ ಕಾರ್ಡ್ ಇದ್ದರೆ ರಾಜಾಜಿನಗರದ ಆಸ್ಪತ್ರೆ ಇದೆ. ಬರೀ ಕೆಮ್ಮು ಎನ್ನದೆ "ಪಿಯು ಹಾರ್ಡ್ನರ್ ಸ್ಪ್ರೇ ಮಾಡುತ್ತೇನೆ" ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಬೆಂಗಳೂರಿನ ಧೂಳು, ಪರಾಗದ ಲೆಕ್ಕಕ್ಕೆ ಹೋಗಿಬಿಡುತ್ತದೆ. 1948ರ ಕಾರ್ಖಾನೆ ಕಾಯ್ದೆಯ ಅಧಿಸೂಚಿತ ರೋಗಗಳ (ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ) ಪಟ್ಟಿಯಲ್ಲಿ ಐಸೊಸಯನೇಟ್ ವಿಷಬಾಧೆ ಹೆಸರಿಟ್ಟೇ ಸೇರಿತ್ತು. ಬೀದಿಬದಿಯ ಎರಡಾಳಿನ ಗ್ಯಾರೇಜಿಗೆ ಆ ಕಾಯ್ದೆ ಮುಟ್ಟಿದ್ದು ಅಪರೂಪ ಎನ್ನುವುದು ಬೇರೆ ದುಃಖ.

ಫೈಬರ್ ಬಂಪರ್ ರಿಪೇರಿಯ ಹಾರ್ಡ್ನರ್ ನೀರಿನ ಥರ ಇದೆ. ಅದಕ್ಕೂ ಇದೇ ನಿಯಮಾನಾ?

ಅದು ಎಂಇಕೆಪಿ ಎಂಬ ಪೆರಾಕ್ಸೈಡ್, ಅದರ ನಿಯಮ ಇನ್ನೂ ಕಟ್ಟುನಿಟ್ಟು. ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು, ಕನ್ನಡಕವಿಲ್ಲದೆ ಮುಚ್ಚಳ ತೆಗೆಯಬೇಡಿ. ಕೋಬಾಲ್ಟ್ ಆಕ್ಸಿಲರೇಟರ್ (ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ದ್ರವ) ಜೊತೆ ಅದನ್ನು ನೇರವಾಗಿ ಬೆರೆಸಿದರೆ ಸ್ಫೋಟಿಸುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್‌ನಲ್ಲಿ ಪೂರ್ತಿ ಕಲಸಿ, ಆಮೇಲಷ್ಟೇ ಎಂಇಕೆಪಿ, ಸಾಮಾನ್ಯವಾಗಿ ಶೇಕಡಾ 1ರಿಂದ 2. ಎರಡೂ ಬಾಟಲಿಗಳನ್ನು ಒಂದೇ ಕಪಾಟಿನಲ್ಲಿ ಇಡಬೇಡಿ.

ಪಿಯು ಹೊಡೆದ ಹಳೇ ಗೇಟಿಗೆ ವೆಲ್ಡಿಂಗ್ ಮಾಡಿಸಬೇಕು. ಈಗಾಗಲೇ ಒಣಗಿದೆಯಲ್ಲ?

ಹದವಾಗಿ ಒಣಗಿದ ಪದರ ತಾನಾಗಿ ನಿರುಪದ್ರವಿ. ಕೆಂಪಗೆ ಕಾಯಿಸಿದರೆ ಒಡೆದು ಐಸೊಸಯನೇಟ್ ಮತ್ತೆ ಹೊರಬರುತ್ತದೆ. ವೆಲ್ಡಿಂಗ್ ಜಾಗದ ಸುತ್ತ ಒಂದು ಗೇಣಾದರೂ ಬಣ್ಣವನ್ನು ಧೂಳಿನ ಮಾಸ್ಕ್ ಹಾಕಿಕೊಂಡು ಉಜ್ಜಿ ತೆಗೆಸಿ. ಗೇಟು ತೀರಾ ಹಳೆಯದಾದರೆ ಕೆಳಗಿನ ಪದರಗಳಲ್ಲಿ ಸೀಸವೂ ಇರಬಹುದು. ಮನೆ ಬಣ್ಣಗಳಿಗೆ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಸೀಸದ ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅಂಥಲ್ಲಿ ಒಣ ಉಜ್ಜುವುದು ಬೇಡ, ನೀರು ಹಾಕಿ ಉಜ್ಜಿಸಿ.

ಚೆಲ್ಲಿದ್ದು, ಮಿಕ್ಕಿದ್ದು ಎಲ್ಲಿ ಹಾಕೋದು? ಮೋರಿಗೆ ಬಿಟ್ಟರೆ ಆಗಲ್ವಾ?

ಮೋರಿಗೆ, ಶೌಚಾಲಯಕ್ಕೆ ಬೇಡ. ಪೈಪಿನೊಳಗೇ ಕಲ್ಲಾಗುತ್ತದೆ. ಹಾರ್ಡ್ನರ್ ನೆಲಕ್ಕೆ ಚೆಲ್ಲಿದರೆ ಮರಳು ಅಥವಾ ಮರದ ಹೊಟ್ಟು ಹರಡಿ ಹೀರಿಸಿ. ಹತ್ತು ಪಾಲು ನೀರಿಗೆ ಸುಮಾರು ಒಂದು ಪಾಲು ವಾಷಿಂಗ್ ಸೋಡ ಮತ್ತು ಸ್ವಲ್ಪ ಪಾತ್ರೆ ತೊಳೆಯುವ ದ್ರವ ಕರಗಿಸಿ ಅದರ ಮೇಲೆ ಸುರಿದು, ಗೋರಿ ಬಕೆಟ್ಟಿಗೆ ಹಾಕಿ. ಆ ಬಕೆಟ್ಟಿನ ಮುಚ್ಚಳವನ್ನು ಎರಡು ದಿನ ಬಿಗಿಯಬೇಡಿ, ಅನಿಲ ಹೋಗಲು ದಾರಿ ಬೇಕು. ಬೆರೆಸಿ ಮಿಕ್ಕ ಬಣ್ಣವನ್ನು ಹಳೇ ತಗಡಿನ ತಟ್ಟೆಯಲ್ಲಿ ತೆಳುವಾಗಿ ಹರಡಿ ಹೊರಗೆ ಗಟ್ಟಿಯಾಗಲು ಬಿಡಿ. ಖಾಲಿ ಡಬ್ಬಿ ಮನೆಯ ಅಪಾಯಕಾರಿ ಕಸ. ಹಸಿ ಕಸ, ಒಣ ಕಸ ಎರಡಕ್ಕೂ ಸೇರಿಸದೆ ಬೇರೆಯಾಗಿ ಕಟ್ಟಿ, ಏನೆಂದು ಹೇಳಿ ಕಸದ ಆಟೋದವರ ಕೈಗೆ ಕೊಡಿ. ಎಣ್ಣೆ ಅಂಶದ ಎನಾಮಲ್, ವಾರ್ನಿಶ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಕಾದು ಹೊತ್ತಿಕೊಳ್ಳುತ್ತವೆ. ಬಿಡಿಸಿ ತಂತಿಯ ಮೇಲೆ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.